ಜೋಹರಾ ತಂದ ಗಂಜಿಯ ಅಕ್ಕಿ

ಮಾನ್ಯ ಆಹಾರ ನಿರೀಕ್ಷಕರೇ,

ಖಾನಾಪುರ ರಸ್ತೆಯ ತಪಾಸಣಾ ನಾಕಾದಲ್ಲಿ ಹೋದ ಸೋಮವಾರ ಬಸ್ಸು ನಿಲ್ಲಿಸಿ ನೀವು ಹಿಡಿದ ಅಕ್ಕಿ ಕಳ್ಳಿ ನನ್ನ ಹೆಂಡತಿ ಜೋಹರಾ. ತವರೂರು ಪಾರಿಶ್ವಾಡದಿಂದ ಹಳೆಯ ಸೀರೆಯಲ್ಲಿ ಕಟ್ಟಿ ತಂದ ಗಂಟು ಅದು. ಪರವಾನಗಿ ಇಲ್ಲದೆ ಅಕ್ಕಿ ಸಾಗಿಸಬಾರದೆಂಬ ಕಾನೂನು ನನಗೂ ಗೊತ್ತು. ಬೆಳಗಾವಿಯ ಕಚೇರಿ ಕಟ್ಟೆಯ ಮೇಲೆ ಕುಳಿತು ಜನರಿಗೆ ಅರ್ಜಿ ಬರೆದುಕೊಟ್ಟೇ ಹೊಟ್ಟೆ ಹೊರೆಯುವವನು ನಾನು. ಅಕ್ಕಿ ಮೂಟೆಗಳ ಮೇಲೆ ತಾಡಪತ್ರಿ ಹೊದ್ದ ಲಾರಿಗಳು ದಾಟುವಾಗ ಆ ಕಾನೂನು ಚಹಾ ಕುಡಿಯಲು ಹೋಗಿರುತ್ತದೆಯೇ? ಇರಲಿ. ಗಂಟು ಹೋಯಿತೆಂದು ನಾನು ಬರೆಯುತ್ತಿಲ್ಲ.

ಅದೇ ಬಸ್ಸಿನಲ್ಲಿದ್ದ ಪಕ್ಕದ ಮನೆಯ ಮದರಬೀ ನನಗೆ ಎಲ್ಲವನ್ನೂ ಹೇಳಿದ್ದಾಳೆ.

"ಯಾತಕ್ಕ ಬೇಕು ಇಷ್ಟ ಅಕ್ಕಿ?" ಎಂದಿರಿ ನೀವು.

"ಬ್ಯಾನಿಗ್ರಿ ಸಾಹೇಬ್ರ, ಗಂಜಿ ಮಾಡಾಕ."

"ಯಾರಿಗೆ ಬ್ಯಾನಿ? ಏನ ಬ್ಯಾನಿ? ಎಲ್ಲಾರಿಗೂ ಕೇಳೂಹಂಗ ಹೇಳು."

"ನನಗ್ರಿ. ಕರಳಾಗ ಹುಣ್ಣ ಅದಾವ್ರಿ. ಹೊರಕಡಿಗೆ ಹೋದ್ರ ರಕ್ತ ಬೀಳ್ತೈತ್ರಿ."

ಬಸ್ಸಿನ ತುಂಬ ನಮ್ಮ ಪೀರನವಾಡಿಯವರೇ. ನೀವು ನಕ್ಕು ಗಂಟು ಇಳಿಸಿಕೊಂಡಿರಿ.

ಸ್ವಾಮಿ, ಅವಳಿಗೆ ಯಾವ ಬೇನೆಯೂ ಇಲ್ಲ. ಬೇನೆ ನನ್ನದು. ಜೋಳದ ರೊಟ್ಟಿ, ಕೆಂಪು ಚಟ್ನಿ, ಹಾಲು ಹೊಟ್ಟೆಗೆ ಬಿದ್ದ ದಿನ ನಾನು ಕಟ್ಟೆಯ ಮೇಲೆ ಅರ್ಧ ಗಂಟೆ ಕೂರಲಾರೆ. ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು: "ಬರೇ ಊಟದಿಂದ ಈ ಬ್ಯಾನಿ ಹೋಗೂದಿಲ್ಲ, ಗುಳಿಗಿ ಬಿಡಬ್ಯಾಡ್ರಿ. ಆದ್ರ ನಿಮ್ಮ ಹೊಟ್ಟಿ ಕೆಣಕೂದನ್ನ ಬಿಟ್ರ ಹಿಡಿತದಾಗ ಇರತೈತಿ." ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆಯ ಕಟ್ಟು, ಬಾಳೆಹಣ್ಣು ನನಗೆ ಒಗ್ಗುತ್ತವೆ. ರೇಷನ್ ಅಂಗಡಿಯಲ್ಲಿ ಸಿಗುವುದು ಜೋಳ. ಅದಕ್ಕೇ ಅವಳು ತವರಿಗೆ ಹೋಗಿದ್ದಳು.

ಯಾರಿಗೂ ಹೇಳಬೇಡ ಎಂದು ಅವಳಿಂದ ಆಣೆ ಹಾಕಿಸಿಕೊಂಡವನು ನಾನು. ಊರವರ ಮೂಲವ್ಯಾಧಿ, ಕ್ಷಯ, ಹುಚ್ಚು ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆಯುವ ಈ ಮಹಾಶಯನಿಗೆ ತನ್ನದನ್ನು ಹೇಳಲು ನಾಚಿಕೆ! ಅವಳು ಆಣೆ ಮುರಿಯಲಿಲ್ಲ.

ಗುರುವಾರ ಓಣಿಯಲ್ಲಿ ಮದುವೆ. ಮದುವೆ ಅಡಿಗೆಗೆ ಉಪ್ಪು-ಖಾರ ನೋಡುವವಳು ಯಾವಾಗಲೂ ಜೋಹರಾ. ಅಂದು ಮದರಬೀ ಅಕ್ಕರೆಯಿಂದಲೇ, "ನೀ ಆ ಕಡೆ ಕುಂದರವಾ, ನಾವ ಮಾಡ್ತೀವಿ" ಎಂದಳಂತೆ. ಜೋಹರಾ ಬೇಗ ಮನೆಗೆ ಬಂದಳು. ಏನನ್ನೂ ಮುಟ್ಟದ ಕೈಗಳನ್ನು ಬಹಳ ಹೊತ್ತು ತೊಳೆದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ನಿಮಗೆ ನಗು ಬಂದದ್ದು ತಪ್ಪಿರಬಹುದು. ಆದರೆ ಅವಳು ಹಾಗೆ ಹೇಳಬೇಕಾದದ್ದು ನನ್ನಿಂದ. ನಮ್ಮಿಬ್ಬರಲ್ಲಿ ಯಾರು ಹೆಚ್ಚು ನಾಚಬೇಕು, ನೀವೇ ಹೇಳಿ.

ನನ್ನ ಬೇಡಿಕೆ ಇಷ್ಟೇ. ಡಾಕ್ಟರ ಚೀಟಿ ಇರುವ ರೋಗಿಯ ಗಂಜಿಗೆ ಬೇಕಾದಷ್ಟು ಅಕ್ಕಿಯನ್ನು ಬಿಡಿ. ಬರುವ ಸೋಮವಾರ ಅದೇ ಬಸ್ಸಿನಲ್ಲಿ ಗಂಟು ಹೊತ್ತು ನಾನೇ ಬರುತ್ತೇನೆ. ದಯವಿಟ್ಟು ಬಸ್ಸು ನಿಲ್ಲಿಸಿ. ಯಾರಿಗೆ ಬ್ಯಾನಿ ಎಂದು ಅದೇ ದನಿಯಲ್ಲಿ ಕೇಳಿ. ಎಲ್ಲರಿಗೂ ಕೇಳುವಂತೆ ನಾನು ಹೇಳಬೇಕಾಗಿದೆ.

ಇಂತಿ,
ತನ್ನ ರೋಗವನ್ನು ಹೆಂಡತಿಯ ಬಾಯಿಂದ ಹೇಳಿಸಿದ
ಬುರಾನುದ್ದೀನ, ಅರ್ಜಿ ಬರಹಗಾರ
ಪೀರನವಾಡಿ, ೧೯೭೪