ಸೋದರಮಾವನ ತೊಡೆ

ಚಾಮರಾಜಪೇಟೆ, ಬೆಂಗಳೂರು
೮ ಫೆಬ್ರವರಿ ೨೦೨೬, ಭಾನುವಾರ

ಪ್ರೀತಿಯ ವಾಣಕ್ಕಾ,

ಹೇಗಿದ್ದೀಯ? ಸೊಂಟನೋವು ಸ್ವಲ್ಪವಾದರೂ ಕಡಿಮೆಯಾಯಿತಾ? ಚೈತನ್ಯಾಗೆ ಹಲ್ಲು ಬಂದಿದೆಯಂತೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳಂತೆ. ಮೊದಲು ಭಾವನ ಮೂಗು ಕಚ್ಚಲಿ, ಕೆಲವರಿಗೆ ಅದು ಅಗತ್ಯವಿದೆ. ಇಲ್ಲಿ ತಿಮ್ಮಕ್ಕಜ್ಜಿ ಗಟ್ಟಿಮುಟ್ಟಾಗಿದ್ದಾಳೆ. ಬಿಪಿ ಮಾತ್ರೆ ನುಂಗಿದೆ ಎಂದು ಸುಳ್ಳು ಹೇಳಿ ತುಳಸಿ ಗಿಡದ ಬುಡಕ್ಕೆ ಹಾಕುವುದನ್ನು ಇನ್ನೂ ಬಿಟ್ಟಿಲ್ಲ. ನಾನೂ ಚೆನ್ನಾಗಿದ್ದೇನೆ. ಇದನ್ನು ನೀನು ನಂಬುವುದಿಲ್ಲವೆಂದು ಗೊತ್ತು, ಅದಕ್ಕೇ ಈ ಕಾಗದ. ಫೋನು ಮಾಡಿದರೆ ಎತ್ತುವುದಿಲ್ಲ, ಮೆಸೇಜು ಹಾಕಿದರೆ ನಿನ್ನ ಬದಲು ಭಾವ ಉತ್ತರ ಬರೆಯುತ್ತಾರೆ. ಕಾಗದವನ್ನಾದರೂ ನೀನೇ ಒಡೆದು ಓದುತ್ತೀಯ ಎಂಬ ಧೈರ್ಯದ ಮೇಲೆ ಹಾಸನಕ್ಕೆ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಬರುವ ಶುಕ್ರವಾರ ಮಗುವಿನ ಕಿವಿ ಚುಚ್ಚುವ ಶಾಸ್ತ್ರ ಇದೇ ಮನೆಯಲ್ಲಿ. ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಿಸಬೇಕು, ನಮ್ಮಲ್ಲಿ ಅದು ತಲೆಮಾರಿನಿಂದ ಬಂದ ಪದ್ಧತಿ. ನಿನಗೆ ಒಡಹುಟ್ಟಿದವನು ನಾನೊಬ್ಬನೇ. ಆದರೂ ಆ ಜಾಗಕ್ಕೆ ದೊಡ್ಡಪ್ಪನ ಮಗ ನಿತೀಶನನ್ನು ಕರೆಸುತ್ತಿದ್ದೀರಂತೆ. ಅಮ್ಮ ದೋಸೆ ಹಾಕಿಕೊಡುತ್ತಾ, "ಶುಕ್ರವಾರ ಎಲ್ಲಾದ್ರೂ ಹೊರಟ್ಬಿಡು ಕಣೋ, ಮೈಸೂರಿಗೋ ಎಲ್ಲಿಗೋ, ಸುಮ್ನೆ ಯಾಕೆ ರಗಳೆ" ಎಂದಳು. ಆ ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ ಅಕ್ಕಾ. ಅದೂ ನಿತೀಶ! ಇಂಜೆಕ್ಷನ್ ಸೂಜಿ ಕಂಡರೆ ಕಣ್ಣು ಕತ್ತಲೆ ಬಂದು ಕುಸಿಯುವ ಪ್ರಾಣಿ. ಅಕ್ಕಸಾಲಿಗರು ಚಿನ್ನದ ತಂತಿ ಎತ್ತಿದರೆ ಮಗುವನ್ನು ಹಿಡಿಯಲು ಒಬ್ಬರು, ಅವನನ್ನು ಹಿಡಿಯಲು ಇಬ್ಬರು ಬೇಕಾಗುತ್ತಾರೆ.

ಇದೆಲ್ಲ ಶುರುವಾಗಿದ್ದು ಅಮ್ಮನ ಪ್ರೀತಿಯಿಂದಲೇ. ನನ್ನ ಮಾತ್ರೆ ಡಬ್ಬಿಯನ್ನು ನಾನು ಎಂದೂ ಬಚ್ಚಿಟ್ಟವನಲ್ಲ. ಅಜ್ಜಿಯ ಮಾತ್ರೆಗಳ ಪಕ್ಕದಲ್ಲೇ ಅಡುಗೆಮನೆ ಕಟ್ಟೆಯ ಮೇಲೆ ಇರುತ್ತದೆ, ಬೆಳಿಗ್ಗೆ ಕಾಫಿ ಜೊತೆ ಒಂದು ನುಂಗಿ ಅಂಗಡಿಗೆ ಹೋಗುತ್ತೇನೆ. ಅದನ್ನು ವಿಟಮಿನ್ ಎಂದುಕೊಂಡಿದ್ದ ಅಮ್ಮ, ಡಬ್ಬಿ ಖಾಲಿಯಾಗುತ್ತಾ ಬಂದಿದೆ, ಮಗ ಕೆಲಸದಲ್ಲಿ ಮರೆತುಬಿಡುತ್ತಾನೆ ಎಂದು ಬ್ಯಾಗಿಗೆ ಹಾಕಿಕೊಂಡು ಮೆಡಿಕಲ್ ಸ್ಟೋರಿಗೆ ಹೋದಳು. ಅಲ್ಲಿನ ಮಹಾನುಭಾವ ನಾಲ್ಕು ಜನರ ಮುಂದೆ, "ಏನಮ್ಮಾ, ಇದು ಏಡ್ಸ್ ಮಾತ್ರೆ ಅಲ್ವಾ, ಯಾರಿಗೆ?" ಎಂದನಂತೆ. ಅಮ್ಮ ಕೊತ್ತಂಬರಿ ಸೊಪ್ಪನ್ನೂ ಅಲ್ಲೇ ಬಿಟ್ಟು ಮನೆಗೆ ಓಡಿಬಂದಳು. ನನ್ನನ್ನು ಒಂದು ಮಾತು ಕೇಳಲಿಲ್ಲ, ನಿನಗೆ ಫೋನು ಮಾಡಿದಳು. ನೀನು ಭಾವನಿಗೆ ಹೇಳಿದೆ. ಮಾರನೆಯ ದಿನದಿಂದ ನನ್ನ ಲೋಟಕ್ಕೆ ಕೆಂಪು ನೇಲ್ ಪಾಲಿಶ್ ಗುರುತು ಬಿತ್ತು. ಅಜ್ಜಿಯೊಬ್ಬಳು ಮಾತ್ರ ತಲೆಕೆಡಿಸಿಕೊಳ್ಳಲಿಲ್ಲ. "ಎಂಥ ಕಾಯ್ಲೆ ಆದ್ರೂ ಮದ್ವೆ ಆದ್ರೆ ವಾಸಿ ಆಗ್ತದೆ ಬುಡು" ಎಂದಳು. ಅವಳ ಕೈಯಲ್ಲಿ ಎಲ್ಲ ರೋಗಕ್ಕೂ ಅದೊಂದೇ ಮದ್ದು.

ಈಗ ನೀನು ಸರಿಯಾಗಿ ಕೇಳಿಸಿಕೋ. ಅದು ರೋಗ ಬಂದಿದೆ ಎಂದು ನುಂಗುವ ಮಾತ್ರೆಯಲ್ಲ, ಬರದೇ ಇರಲಿ ಎಂದು ನುಂಗುವ ಮಾತ್ರೆ. ಪ್ರೆಪ್ ಅನ್ನುತ್ತಾರೆ. ಅದರಲ್ಲಿರುವ ಔಷಧಿಯನ್ನೇ ಬೇರೆ ಔಷಧಿಯ ಜೊತೆ ಸೇರಿಸಿ ಎಚ್‌ಐವಿ ಇರುವವರಿಗೂ ಕೊಡುತ್ತಾರೆ, ಅಂಗಡಿಯವನು ಅಷ್ಟನ್ನೇ ತಿಳಿದು ಬಾಯಿಬಿಟ್ಟ. ಮಲ್ಲೇಶ್ವರಂನ ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿ, ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಬರೆದುಕೊಟ್ಟದ್ದು. ಮೂರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ, ಆಗಾಗ ಕಿಡ್ನಿಯದೂ. ಮಿಕ್ಕ ಲೈಂಗಿಕ ಕಾಯಿಲೆಗಳನ್ನು ಅದು ತಡೆಯುವುದಿಲ್ಲವಾದ್ದರಿಂದ ಕಾಂಡೋಮೂ ಬೇಕು. ನಮ್ಮ ಇಡೀ ವಂಶದಲ್ಲಿ ಇಷ್ಟು ನಿಯತ್ತಾಗಿ ಡಾಕ್ಟರ ಬಳಿ ಹೋಗುವವನು ನಾನೊಬ್ಬನೇ. ಅಪ್ಪ ಎದೆನೋವನ್ನು ಗ್ಯಾಸ್ಟ್ರಿಕ್ ಎನ್ನುತ್ತಲೇ ಹೋಗಿಬಿಟ್ಟರಲ್ಲ.

ಇದನ್ನೇ ಚುಟುಕಾಗಿ ನಿನಗೆ ಮೆಸೇಜು ಮಾಡಿದ್ದಕ್ಕೆ ಭಾವ ಕೊಟ್ಟ ಉತ್ತರದಲ್ಲಿ ಇನ್ನೊಂದು ಮಾತಿತ್ತು. "ಅಂದ್ರೆ ಮಾತ್ರೆ ನುಂಗ್ಕೊಂಡು ಬೀದಿ ಬಸವನ ಥರ ತಿರುಗೋಕೆ ಲೈಸೆನ್ಸಾ?" ತಮ್ಮನಾದವನು ಅಕ್ಕನಿಗೆ ಬರೆಯುವ ವಿಷಯ ಇದಲ್ಲ, ಬೇಕಾದರೆ ಒಂದು ಕಣ್ಣು ಮುಚ್ಚಿಕೊಂಡು ಓದು. ನನಗೆ ಗಂಡಸರೇ ಇಷ್ಟ ಎಂದು ನಿನಗೆ ಎಂದೋ ಹೇಳಿದ್ದೇನೆ. ಅವತ್ತು ನೀನು ಅತ್ತುಬಿಟ್ಟೆ, ಆಮೇಲೆ ಮೂಗು ಒರೆಸಿಕೊಂಡು ಉಪ್ಪಿಟ್ಟು ಮಾಡಿಕೊಟ್ಟೆ. ಇಷ್ಟವಾದರೆ ಮಲಗುತ್ತೇನೆ ಕೂಡ. ಮಾತ್ರೆ ಬರುವ ಮೊದಲೂ ಮಲಗುತ್ತಿದ್ದೆ. ಆಗ ಹೆಸರು ಕೇಳಲು ಭಯ, ಪರೀಕ್ಷೆಗೆ ಹೋಗಲು ಭಯ, ಸಣ್ಣ ಜ್ವರ ಬಂದರೂ ಸತ್ತೇ ಹೋದೆ ಎಂಬ ಭಯ. ಭಯದಿಂದ ನಾವು ಯಾರೂ ಸನ್ಯಾಸಿಗಳಾಗಲಿಲ್ಲ ಅಕ್ಕಾ, ಕಳ್ಳರಾದೆವು ಅಷ್ಟೇ. ಈಗ ಬೆಳಕಿನಲ್ಲಿ ಕೂತು, ಪರೀಕ್ಷೆ ಯಾವಾಗ ಮಾಡಿಸಿದೆ, ಏನು ಬಂತು ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಇದು ಲಂಗುಲಗಾಮಿಲ್ಲದ ಬಾಳಾದರೆ ಆಗಲಿ, ನನಗೆ ಇದೇ ಬೇಕು.

ಇನ್ನು ಮಧುಸೂದನನ ವಿಷಯ. ಅಮ್ಮನಿಗೆ ಅವನು ನನ್ನ ಸ್ನೇಹಿತ, ನಿನಗೆ ಅವನು ನನಗೆ ಏನೆಂದು ಗೊತ್ತು. ನಾನು ಅವನೊಬ್ಬನಿಗೇ ಅಂಟಿಕೊಂಡವನಲ್ಲ, ಅವನೂ ಅಲ್ಲ. ಅದು ನಮ್ಮಿಬ್ಬರಿಗೂ ತಿಳಿದೇ ನಡೆದದ್ದು, ಆದರೆ ಮನೆಗೆ ಬಾ ಎಂದು ಮನಸ್ಸು ಕರೆಯುವುದು ಅವನನ್ನೇ. ನಿನಗೆ ಹೆರಿಗೆ ನೋವು ಬಂದ ದಿನ ಭಾವ ಹಾಸನದಲ್ಲಿದ್ದರು, ನಾನು ಬಳೇಪೇಟೆಯ ಅಂಗಡಿಯಲ್ಲಿ ಗಾಜಿನ ಬಳೆ ಲೋಡು ಇಳಿಸಿಕೊಳ್ಳುತ್ತಿದ್ದೆ. ಆಫೀಸಿಗೆ ರಜೆ ಹಾಕಿ, ಕಾರು ತಂದು, ನಿನ್ನನ್ನು ಆಸ್ಪತ್ರೆಗೆ ಸೇರಿಸಿದವನು ಮಧು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದ ಮಗುವನ್ನು ನಮ್ಮ ಪೈಕಿ ಮೊದಲು ಎತ್ತಿಕೊಂಡವನೂ ಅವನೇ. ನಾನು ಓಡಿ ಬರುವಷ್ಟರಲ್ಲಿ ಚೈತನ್ಯಾ ಅವನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಳು.

ಮಧುವಿಗೆ ಎಚ್‌ಐವಿ ಇದೆ. ಅವತ್ತೂ ಇತ್ತು. ದಿನವೂ ಮಾತ್ರೆ ತೆಗೆದುಕೊಳ್ಳುವುದರಿಂದ ಅವನ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿದುಹೋಗಿದೆ. ಹಾಗಿದ್ದಾಗ ಜೊತೆಗೆ ಮಲಗಿದರೂ ಹರಡುವುದಿಲ್ಲ. ಇನ್ನು ಎತ್ತಿಕೊಂಡರೆ, ಒಂದೇ ಲೋಟದಲ್ಲಿ ಕುಡಿದರೆ ಅದು ಯಾರಿಂದಲೂ ಯಾವತ್ತೂ ಹರಡುವುದಿಲ್ಲ. ಕಿವಿ ಚುಚ್ಚುವಾಗ ಒಂದು ಹನಿ ರಕ್ತ ಬರುತ್ತದೆ ಎಂದು ಭಾವ ಹೆದರುತ್ತಾರಂತೆ. ಬರುವುದು ಮಗುವಿನ ರಕ್ತ, ಮಾವನದಲ್ಲವಲ್ಲ! ಇಷ್ಟನ್ನು ನಿನಗೆ ಬರೆಯಲು ಮಧುವೇ ಒಪ್ಪಿದ. "ವಾಣಕ್ಕಂಗೆ ಮಾತ್ರ ಹೇಳು, ಬೇರೆ ಯಾರಿಗೂ ಬೇಡ" ಎಂದ. ಅಷ್ಟು ನಂಬಿಕೆ ನಿನ್ನ ಮೇಲೆ, ಉಳಿಸಿಕೋ.

ಈಗ ಭಾವನ ಷರತ್ತು. ರಕ್ತ ಪರೀಕ್ಷೆಯ ರಿಪೋರ್ಟನ್ನು ವಾಟ್ಸಾಪಿನಲ್ಲಿ ಕಳಿಸಿದರೆ ನನ್ನ ತೊಡೆಯ ಬಗ್ಗೆ ಯೋಚನೆ ಮಾಡುತ್ತಾರಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನಲ್ಲ ಎಂದು ಅವರಿಗೆ ಹೇಳು. ಕಳಿಸುವುದು ಒಂದು ನಿಮಿಷದ ಕೆಲಸ, ಕಳಿಸುವುದಿಲ್ಲ. ಆ ಕಾಗದ ತೋರಿಸಿ ನಾನು ಜಾಗ ಗಿಟ್ಟಿಸಿಕೊಂಡರೆ, ಮಧುವಿನ ತೊಡೆ ಮೈಲಿಗೆ ಎಂದು ನಾನೇ ಒಪ್ಪಿ ಸಹಿ ಹಾಕಿದ ಹಾಗಾಗುತ್ತದೆ. ಅವತ್ತು ಮಗು ಅವನ ತೊಡೆಯ ಮೇಲೆ ಮಲಗಿದ್ದಾಗ ನೀನು ಮಂಚದಿಂದಲೇ ನಕ್ಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ನಗು ಸುಳ್ಳು ಎಂದು ಹೇಳುವ ಅಧಿಕಾರ ಯಾವ ರಿಪೋರ್ಟಿಗೂ ಇಲ್ಲ.

ಅಮ್ಮನ ಮೇಲೆ ರೇಗಬೇಡ. ಲೋಟದ ಗುರುತನ್ನು ಇವತ್ತು ನಾನೇ ಉಜ್ಜಿ ತೆಗೆದೆ, ಅವಳು ನೋಡಿಯೂ ನೋಡದ ಹಾಗೆ ಪಾತ್ರೆ ತೊಳೆದಳು. ಬಿಸಿಲು ಜೋರಾಗಿದೆ, ಮಗುವನ್ನು ಮಧ್ಯಾಹ್ನದ ಬಸ್ಸಿನಲ್ಲಿ ತರಬೇಡ. ನಿನಗೆ ಬೆನ್ನಿಗಿಡಲು ದಿಂಬು ಮರೆಯಬೇಡ. ಭಾವನಿಗೂ ನಮಸ್ಕಾರ, ಕೋಪದ ಸಮೇತ. ಚೈತನ್ಯಾಳ ಎರಡೂ ಕೆನ್ನೆಗೆ ನನ್ನ ಪರವಾಗಿ ಮುತ್ತು. ಅದರಿಂದ ಏನೂ ಅಂಟುವುದಿಲ್ಲ.

ನಿನ್ನ ತಮ್ಮ, ನಿನ್ನ ಮಗಳ ಸೋದರಮಾವ,
ಲಿಖಿತ್

ಮರೆತಿದ್ದೆ, ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ: ಈ ಸಲದ ರಿಪೋರ್ಟು ನಿನ್ನೆ ಬಂತು. ಏನಿದೆಯೆಂದು ನಿನಗೂ ಹೇಳುವುದಿಲ್ಲ. ಶುಕ್ರವಾರ ಪಂಚೆ ಉಟ್ಟು ನಡುಮನೆಯಲ್ಲಿ ಮಣೆಯ ಮೇಲೆ ಕೂತಿರುತ್ತೇನೆ, ಮಧುವೂ ಬಂದಿರುತ್ತಾನೆ. ನನಗೆ ಆ ಕಾಯಿಲೆ ಇದೆ ಎಂದೇ ತಿಳಿದುಕೊಂಡು ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸು. ಹಾಗೆ ಕೂರಿಸಲು ಆಗದಿದ್ದರೆ ನಿತೀಶನಿಗೇ ಕೊಡು. ಯಾವುದನ್ನು ಮಾಡಿದರೂ ನನ್ನ ಮುಖ ನೋಡಿಕೊಂಡೇ ಮಾಡು.