ನಾನು ತಿದ್ದಿದ ಗೀರುಗಳು

ನನ್ನ ಟೀಚರಮ್ಮನಿಗೆ,

ಒಳಗೆ ಐದನೆಯವರು ಹೋಗಿದ್ದಾರೆ. ನಿನ್ನದು ಒಂಬತ್ತನೇ ನಂಬರು. ಒಬ್ಬೊಬ್ಬರಿಗೆ ಹತ್ತು ನಿಮಿಷವೆಂದರೂ ನನಗಿರುವುದು ಮುಕ್ಕಾಲು ಗಂಟೆಗಿಂತ ಕಡಿಮೆ. ನೀನು ಆಸ್ಪತ್ರೆಯ ನಿಲುವಂಗಿ ತೊಟ್ಟು ಹೆಂಗಸರ ಕೋಣೆಯಲ್ಲಿ ಕೂತಿದ್ದೀಯ, ನಾನು ಗೋಡೆಯ ಈಚೆ ಬೆಂಚಿನ ಮೇಲಿದ್ದೇನೆ. ಅಂಗಡಿಯ ಅಳತೆ ಪುಸ್ತಕ ಜೇಬಿನಲ್ಲಿತ್ತು, ಅದರ ಖಾಲಿ ಹಾಳೆಯಲ್ಲೇ ಬರೆಯುತ್ತಿದ್ದೇನೆ. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ಇದು ಮೊದಲ ಪತ್ರ. ಸಂಡೇ ಸ್ಕೂಲಿನ ಮಕ್ಕಳ ಕಾಗುಣಿತ ತಿದ್ದಿದ ಹಾಗೆ ಇದನ್ನು ತಿದ್ದುತ್ತ ಕೂರಬೇಡ, ಸುಮ್ಮನೆ ಓದು.

ನಾನೊಂದು ತಪ್ಪು ಮಾಡಿದ್ದೇನೆ. ಈಗ ನಿನ್ನ ಮೈಮೇಲಿರುವ ಗೀರುಗಳು ಆಸ್ಪತ್ರೆಯವರು ಹಾಕಿದ್ದಲ್ಲ. ನಾನು ಹಾಕಿದ್ದು.

ಆಪರೇಷನ್ ಆದ ಮೇಲೆ, ಚಿಕಿತ್ಸೆಯ ಕಿರಣ ಎಲ್ಲಿ ಬೀಳಬೇಕೆಂದು ನಿನ್ನ ಎದೆಯ ಎಡಗಡೆ ನೇರಳೆ ಬಣ್ಣದಲ್ಲಿ ಮೂರು ಗೀರು ಎಳೆದರಲ್ಲ, ಅವತ್ತು ಯಂತ್ರ ನಡೆಸುವ ಹುಡುಗಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು, "ನೀರು ಸೋಕಿಸ್ಬೇಡಿ. ಅಕಸ್ಮಾತ್ ಅಳಿಸಿಹೋದ್ರೆ ನೀವೇ ತಿದ್ದೋಕೆ ಹೋಗ್ಬೇಡಿ, ಬಂದು ನಮಗೆ ಹೇಳಿ." ಅದಕ್ಕೆ ನೀನು, "ಇವ್ರಿಗೇ ಇನ್ನೊಂದ್ಸಲ ಹೇಳಮ್ಮ. ದರ್ಜಿ, ಗೆರೆ ಕಂಡ್ರೆ ಕೈ ಸುಮ್ಮನಿರಲ್ಲ" ಎಂದು ನಕ್ಕಿದ್ದೆ. ಆ ಹುಡುಗಿಯೂ ನಕ್ಕಳು. ನಾನೂ ನಕ್ಕೆ.

ಆಪರೇಷನ್ನಿನ ಆ ಗಾಯವನ್ನು ನೀನು ಇವತ್ತಿನವರೆಗೆ ನೋಡಿಲ್ಲ. ಮೈ ಒರೆಸುವಾಗ ಎಡಗೈ ಎತ್ತಿ ತಲೆಯ ಮೇಲಿಟ್ಟುಕೊಂಡು ಮುಖವನ್ನು ಕಿಟಕಿಯ ಕಡೆ ತಿರುಗಿಸಿಬಿಡುತ್ತೀಯ. ಗೀರುಗಳ ಸುತ್ತ ಒದ್ದೆ ಬಟ್ಟೆ ಆಡಿಸುವವನು ನಾನು. ಕೊರಳ ಎಲುಬಿನಿಂದ ಎಷ್ಟು ಬೆರಳು, ಹೊಲಿಗೆಯ ಗುರುತಿನಿಂದ ಎಷ್ಟು ಬೆರಳು, ಎಲ್ಲ ನನಗೆ ಬಾಯಿಪಾಠ. ಅಳತೆಯ ವಿಷಯದಲ್ಲಿ ನಾನು ಎಷ್ಟು ಜಂಬದವನೆಂದು ನಿನಗೆ ಗೊತ್ತಲ್ಲ.

ನಿನ್ನೆ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರು ಮನೆಗೆ ಬಂದರು. ನಿನ್ನ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದರು. ಅವರು ಹೊರಟ ಮೇಲೆ ನಾನು, "ನೋವಿರೋ ಜಾಗಕ್ಕೂ ಒಂದು ಹನಿ ಹಚ್ಲಾ?" ಎಂದು ಕೇಳಿದೆ. "ಹಣೆಗೆ ಸಾಕು ರೀ. ದೇವರಿಗೆ ವಿಳಾಸ ಗೊತ್ತು" ಎಂದು ಹೇಳಿ ನೀನು ಮಲಗಿದೆ. ಮಾತ್ರೆಯ ಮಂಪರಿನಲ್ಲಿ ಆಗಲೇ ನಿದ್ದೆ ಹತ್ತಿತು. ನಾನು ಹಿರಿಯರು ಬಿಟ್ಟುಹೋದ ಎಣ್ಣೆಯ ಸೀಸೆ ಹಿಡಿದುಕೊಂಡು ಮಂಚದ ಪಕ್ಕ ನಿಂತೇ ಇದ್ದೆ. ಹದಿನಾಲ್ಕು ದಿನದ ಕಿರಣಕ್ಕೆ ನಿನ್ನ ಚರ್ಮ ಸುಟ್ಟ ಹಾಗೆ ಕಪ್ಪಾಗಿತ್ತು. ನನಗೆ ತಡೆಯಲಾಗಲಿಲ್ಲ. ಗುಂಡಿ ಬಿಚ್ಚಿ ಗಾಯದುದ್ದಕ್ಕೂ ಎಣ್ಣೆ ಸವರಿದೆ. ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಮಾಡಿದೆ. ಕಣ್ಣು ತೆರೆದಾಗ ನನ್ನ ಬೆರಳೆಲ್ಲ ನೇರಳೆಯಾಗಿತ್ತು.

ಆಗಲೇ ನಿನ್ನನ್ನು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ಎಣ್ಣೆ ಒರೆಸಿ ತೆಗೆದು, ಬಟ್ಟೆಗೆ ಗುರುತು ಹಾಕುವ ನೇರಳೆ ಪೆನ್ನು ತಂದು, ಬೆರಳಲ್ಲಿ ಅಳೆದು ಮೂರೂ ಗೀರು ಮತ್ತೆ ಎಳೆದೆ. ನೀನು ಅರೆಗಣ್ಣು ತೆರೆದು "ಏನ್ರೀ ಅದು?" ಅಂದೆ. "ಏನಿಲ್ಲ, ಬೆವರು ಒರೆಸ್ತಿದ್ದೀನಿ, ಮಲ್ಕೋ" ಅಂದೆ ನಾನು. ನೀನು ನಂಬಿ ಮಲಗಿದೆ. ಆ ನಂಬಿಕೆಯೇ ನನ್ನನ್ನು ಇಲ್ಲಿ ಕೂತಲ್ಲೇ ತಿನ್ನುತ್ತಿದೆ.

ಆರನೆಯವರನ್ನು ಕರೆದರು.

ಯಾಕೆ ಹೇಳಲಿಲ್ಲ ಅಂದರೆ, ಕಳೆದ ವಾರ ನೀನು ಆಡಿದ ಮಾತಿಗೆ ಹೆದರಿ. ಬಾತ್‌ರೂಮಿನ ಬಾಗಿಲಿಗೆ ಒರಗಿ ನಿಂತು, "ಇನ್ನು ಹನ್ನೊಂದು ದಿನ. ಹನ್ನೊಂದೇ. ಒಂದು ದಿನ ಜಾಸ್ತಿ ಅಂದ್ರೂ ನಾನು ಬರಲ್ಲ ರೀ, ನನ್ನ ಕೈಲಾಗಲ್ಲ" ಅಂದಿದ್ದೆ. ನೀನು ಸುಮ್ಮನೆ ಹೇಳುವವಳಲ್ಲ. ಗೀರು ಪೂರ್ತಿ ಹೋಗಿದೆ ಎಂದರೆ ಮತ್ತೆ ಅಳತೆ, ಮತ್ತೆ ಕಾಯುವುದು, ನಡುವೆ ಎಷ್ಟು ದಿನ ಹೋಗುತ್ತದೋ. ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆಂದು ಡಾಕ್ಟರು ಹೇಳಿದ್ದಾರೆ. ನನ್ನ ಒಂದು ಹನಿ ಎಣ್ಣೆಯಿಂದ ನೀನು ಚಿಕಿತ್ಸೆಯನ್ನೇ ಬಿಟ್ಟರೆ? ಅದಕ್ಕೇ ಬಾಯಿ ಮುಚ್ಚಿಕೊಂಡೆ. ಗೀರು ಸರಿಯಾಗೇ ಇದೆ, ಯಾರಿಗೂ ತಿಳಿಯುವುದಿಲ್ಲ ಎಂದು ಇವತ್ತು ಬೆಳಿಗ್ಗೆ ಬಸ್ಸಿನಲ್ಲೂ ಅಂದುಕೊಂಡೇ ಬಂದೆ.

ಹೊತ್ತು ಹೋಗದೆ ಇಲ್ಲಿ ಎದುರಿಗೆ ಕೂತ ಹೆಂಗಸೊಬ್ಬರನ್ನು ನೋಡುತ್ತಿದ್ದೆ. ಅವರು ಕೂದಲಿನಿಂದ ಜಾರಿದ ಕ್ಲಿಪ್ಪು ಸರಿಮಾಡಿಕೊಳ್ಳಲು ಕೈ ಎತ್ತಿದರು. ಕೈಯ ಜೊತೆ ರವಿಕೆಯ ತೋಳಿನ ಹೊಲಿಗೆ, ಪಕ್ಕದ ಹೊಲಿಗೆ ಎಲ್ಲ ಮೇಲಕ್ಕೆ ಎಳೆದುಕೊಂಡಿತು. ಕಂಕುಳು ಬಿಗಿಯಾಗಿದೆ, ಎರಡು ಬೆರಳು ಬಿಡಬೇಕಿತ್ತು ಎಂದುಕೊಂಡೆ. ಹಾಗೆಂದುಕೊಂಡವನಿಗೆ ತಟ್ಟನೆ ನಿನ್ನ ಗೀರು ನೆನಪಾಯಿತು.

ಆಸ್ಪತ್ರೆಯವರು ಗೀರು ಎಳೆದದ್ದು ನಿನ್ನ ಕೈ ತಲೆಯ ಮೇಲಿದ್ದಾಗ. ನಾನು ದಿನಾ ನೋಡಿ ಕಲಿತ ಅಳತೆಯೂ ಕೈ ಎತ್ತಿದ ಮೈಯದ್ದೇ. ನಿನ್ನೆ ನೀನು ಬಲಮಗ್ಗುಲಾಗಿ ಕೈ ಮಡಚಿಕೊಂಡು ಮಲಗಿದ್ದೆ. ಆ ಅಳತೆಯನ್ನು ಈ ಮೈಯ ಮೇಲೆ ಹಾಕಿಬಿಟ್ಟೆ. ನೀನು ಮೇಜಿನ ಮೇಲೆ ಮಲಗಿ ಕೈ ಎತ್ತಿದರೆ ನನ್ನ ಗೀರು ಎರಡು ಬೆರಳಾದರೂ ಸರಿದಿರುತ್ತದೆ. ಎಡಗಡೆ, ಅದರ ಹಿಂದೆಯೇ ಹೃದಯ. ನಲವತ್ತು ವರ್ಷ ಕತ್ತರಿ ಹಿಡಿದವನು ನಾನು. ನನ್ನ ಹತ್ತಿರ ಕೆಲಸ ಕಲಿಯುವವನು ಈ ತಪ್ಪು ಮಾಡಿದ್ದರೆ ಅಂಗಡಿ ಬಿಟ್ಟು ಓಡಿಸುತ್ತಿದ್ದೆ.

ಏಳನೆಯವರು ಹೊರಗೆ ಬಂದರು. ಎಂಟು. ಇನ್ನು ಬರೆಯುತ್ತ ಕೂತರೆ ನಾನು ಮನುಷ್ಯನೇ ಅಲ್ಲ.

ಹೇಳಿ ಬಂದೆ.

ಯಂತ್ರದ ಹುಡುಗಿ ಬಾಗಿಲಿಗೆ ಬಂದಾಗ ತಡೆದು ಎಲ್ಲವನ್ನೂ ಹೇಳಿದೆ. ಎಣ್ಣೆ, ಪೆನ್ನು, ಬೆವರಿನ ಸುಳ್ಳು, ಎಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಿಳುಚಿಕೊಂಡಿತು ಅಷ್ಟೆ. "ಇವತ್ತು ಬೇಡ. ಡಾಕ್ಟರ್ ನೋಡ್ಬೇಕು, ಹೊಸದಾಗಿ ಅಳತೆ ತಗೋಬೇಕು" ಅಂದಳು. ಎಷ್ಟು ದಿನ ಎಂದು ಕೇಳಿದೆ. "ಈಗ್ಲೇ ಹೇಳಕ್ಕಾಗಲ್ಲ" ಅಂದಳು. ಆಮೇಲೆ, "ಟೀಚರಮ್ಮನಿಗೆ ನಾನು ಹೇಳ್ಲಾ, ನೀವೇ ಹೇಳ್ತೀರಾ?" ಅಂದಳು. ನಾನೇ ಹೇಳುತ್ತೇನೆ ಎಂದೆ. ನಿನ್ನನ್ನು ಕರೆತರಲು ಒಳಗೆ ಹೋಗಿದ್ದಾಳೆ.

ಬಾಯಲ್ಲಿ ಹೇಳಲು ಹೋದರೆ ಅರ್ಧ ನುಂಗಿಬಿಡುತ್ತೇನೆ. ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು ಎದುರಿಗೇ ಕೂರುತ್ತೇನೆ. ಬೈ, ಮಾತು ಬಿಡು, ಏನಾದರೂ ಮಾಡು. ದಿನಾ ಸಂಜೆ ಮೊಣಕಾಲೂರಿ "ಇವಳನ್ನ ನಿನ್ನ ಕೈಗೆ ಒಪ್ಪಿಸಿದ್ದೀನಿ ಕರ್ತನೇ" ಎಂದು ನೀನು ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದೆನಲ್ಲ, ಒಪ್ಪಿಸಿರಲಿಲ್ಲ ಕಣೇ. ಒಂದು ದಿನವೂ ಒಪ್ಪಿಸಿರಲಿಲ್ಲ. ದೇವರ ಮೇಲೂ ಡಾಕ್ಟರ ಮೇಲೂ ಒಂದು ಕಣ್ಣಿಟ್ಟುಕೊಂಡು, ಎಲ್ಲಿ ತಪ್ಪುತ್ತಾರೋ ನಾನು ಸರಿಮಾಡುತ್ತೇನೆ ಎಂದು ಕಾಯುತ್ತ ಕೂತಿದ್ದೆ.

ಇನ್ನು ಬರಲ್ಲ ಎಂದು ನೀನು ಹೇಳಿದರೆ, ಬಾ ಎನ್ನುವ ಯೋಗ್ಯತೆ ನನಗಿಲ್ಲ. ಆದರೂ ಕೇಳುತ್ತೇನೆ. ಇಷ್ಟು ಜನರ ಮುಂದೆ ನಿನ್ನ ಕಾಲು ಹಿಡಿದು ಕೇಳುತ್ತೇನೆ. ನೀನಿಲ್ಲದ ಮನೆಗೆ ಹೋಗುವುದು ನನ್ನಿಂದ ಆಗುವುದಿಲ್ಲ. ಮತ್ತೆ ಅಳತೆ ಕೊಡೋಣ, ಬಾ.

ಬಾಗಿಲ ಹತ್ತಿರ ನಿನ್ನ ಚಪ್ಪಲಿಯ ಸದ್ದು ಕೇಳುತ್ತಿದೆ.

ಕರ್ತನು ನಿನ್ನನ್ನು ಕಾಯಲಿ. ನನ್ನ ಕೈಯಿಂದಲೂ ಕಾಯಲಿ.

ಇಂತಿ,
ನಿನ್ನ ಗಂಡ