ಹದಿನೇಳನೆಯ ಚೌಕ

ಮಾರ್ಚ್ 3, ಬೆಳಿಗ್ಗೆ

‘ಕಿಟಕಿ ತೆರೆದವರು ಗಾಳಿಯನ್ನು ಕೇಳಲಿಲ್ಲ...’ ಎಂ.ಎ. ಓದುವಾಗ ಯಾವುದೋ ಪತ್ರಿಕೆಯಲ್ಲಿ ಕಂಡ ಸಾಲು. ಮುಂದಿನದು ಮರೆತಿದೆ. ಗಾಳಿಯನ್ನು ಕೇಳಬೇಕಿತ್ತೇ? ಏನೆಂದು?

ಅದೇ ಗುಂಗಿನಲ್ಲಿ ಆಫೀಸಿನ ಶೀಟ್ ತೆರೆದೆ. ಸರ್ಕಾರದ ಮಾತು ನಡೆದಿದೆಯೇ ಎಂದು ಹೊರಗಿನಿಂದ ಲೆಕ್ಕ ಇಡುವ ಸಂಸ್ಥೆ ನಮ್ಮದು. ಉದ್ಯಮಗಳಿಗೆ ಸರ್ಕಾರ ಕೊಟ್ಟ ಐವತ್ತೆರಡು ಭರವಸೆ, ಐವತ್ತೆರಡು ಚೌಕ. ಆಗಿದ್ದರೆ ಹಸಿರು, ಆಗುತ್ತಿದ್ದರೆ ಹಳದಿ, ಇಲ್ಲವಾದರೆ ಕೆಂಪು. ಹದಿನೇಳನೆಯದು ಏಕಗವಾಕ್ಷಿ — ಒಂದೇ ಅರ್ಜಿ, ಮೂರು ದಿನದಲ್ಲಿ ಲೈಸೆನ್ಸ್. ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ, ಆದೇಶ ಇನ್ನೂ ಹೊರಟಿಲ್ಲ; ಸದ್ಯಕ್ಕೆ ಹಳದಿ.

ಮಾರ್ಚ್ 9

ಕೆಳಮನೆಯ ಟೈಲರ್ ಅದೇ ಗವಾಕ್ಷಿಗೆ ಅರ್ಜಿ ಹಾಕಿ ಇಂದಿಗೆ ಹನ್ನೊಂದು ದಿನ. ಮಳಿಗೆ ಹಿಡಿದಿದ್ದಾಳೆ. ಈ ತಿಂಗಳೊಳಗೆ ತೆರೆಯದಿದ್ದರೆ ಮಾಲೀಕ ಬೇರೆಯವರಿಗೆ ಕೊಡುತ್ತಾನಂತೆ. ತೋರಿಸಲು ಕರೆದೊಯ್ದಳು. ನಾಲ್ಕು ಮಷಿನ್, ಬಿಳಿ ಬಟ್ಟೆ ಹೊದ್ದು, ಮೋಡದ ಮರಿಗಳ ಹಾಗೆ.

“ನಿಮ್ಮ ಸರ್ಕಾರದ ಮೂರು ದಿನ ಎಷ್ಟುದ್ದ ಅಕ್ಕಾ? ಟೇಪ್ ಹಿಡೀಲಾ?”

ಸರ್ಕಾರ ನನ್ನದಲ್ಲ ಮಾರಾಯ್ತಿ, ನಾನು ದೂರದಿಂದ ನೋಡುವವಳು... ಎನ್ನಬೇಕೆಂದಿದ್ದೆ. “ದೂರು ಕೊಡು” ಎಂದೆ. ಸಂಜೆಯೇ ಕೊಟ್ಟಳು.

ಮಾರ್ಚ್ 16, ಮಧ್ಯಾಹ್ನ

ಏಕಗವಾಕ್ಷಿಯ ಆದೇಶ ಗೆಜೆಟ್‌ನಲ್ಲಿ ಬಂತು. ನಮ್ಮ ಸಂಸ್ಥೆಯ ನಿರ್ದೇಶಕರು ನನ್ನ ಟೇಬಲ್ಲಿಗೇ ಬಂದರು.

“ಹದಿನೇಳು ಇನ್ನೂ ಹಳದಿ ಯಾಕೆ ಮೇಡಂ?”

“ನಮ್ಮ ಕೆಳಮನೆಯವಳಿಗೆ ಲೈಸೆನ್ಸ್ ಸಿಕ್ಕಿಲ್ಲ ಸರ್.”

“ನಿಮ್ಮ ಕೆಳಮನೆ ನಮ್ಮ ಮಾನದಂಡದಲ್ಲಿ ಇಲ್ವಲ್ಲ! ಆದೇಶ ಹೊರಟರೆ ಹಸಿರು. ಆ ನಿಯಮ ಬರೆದೋರು ನೀವೇ ಅಲ್ವಾ?”

ಹೌದು, ನಾನೇ. ಆರು ವರ್ಷದ ಹಿಂದೆ. ಕಿಟಕಿ ತೆರೆದರೆ ಗಾಳಿ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ.

ಒಂದು ಕ್ಲಿಕ್. ಎಷ್ಟು ಚೆಂದದ ಹಸಿರು — ಎಳೆ ಎಲೆಯನ್ನು ಬೆಳಕಿಗೆ ಹಿಡಿದಂತೆ. ಕಣ್ಣು ಅಲ್ಲೇ ನಿಂತಿತು...

ಮಾರ್ಚ್ 17

ಬೆಳಗಿನ ಜಾವ ಅರೆನಿದ್ದೆ. ಗೋಡೆಯಲ್ಲೊಂದು ಹಸಿರು ಚೌಕ. ಅವಳು ಟೇಪ್ ಹಿಡಿದು ಅದರ ಅಳತೆ ತೆಗೆಯುತ್ತಿದ್ದಳು. ಕಿಟಕಿಯ ಪರದೆ ಅಲ್ಲಾಡಲಿಲ್ಲ.

ಬಣ್ಣ ಬದಲಿಸಿದ್ದನ್ನು ಅವಳಿಗೆ ಹೇಳಬೇಕು. ಇವತ್ತೇ.

ಮಾರ್ಚ್ 26

ಹೇಳಿಲ್ಲ. ಚೌಕಗಳ ನಮ್ಮ ವರದಿ ಪ್ರಕಟವಾಗಿ ನಾಲ್ಕು ದಿನ. ಮೆಟ್ಟಿಲಲ್ಲಿ ಸಿಕ್ಕಳು. ಫೋನ್ ನೋಡುತ್ತಿರುವವಳಂತೆ ದಾಟಿ ಬಂದೆ.

ಮಾರ್ಚ್ 30, ಸಂಜೆ 6

ಬೆಲ್. ಕೊರಳಲ್ಲಿ ಟೇಪ್, ಕೈಯಲ್ಲಿ ಕಾಗದ. ಅವಳ ದೂರಿಗೆ ಬಂದ ಉತ್ತರ: ‘ಸ್ವತಂತ್ರ ಸಂಸ್ಥೆಯ ವರದಿಯಂತೆ ಸದರಿ ಸುಧಾರಣೆಯು ಪೂರ್ಣಗೊಂಡಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಕೆಳಗೆ ನಮ್ಮ ಸಂಸ್ಥೆಯ ಹೆಸರು. ಹದಿನೇಳನೆಯ ಚೌಕದ ಚಿತ್ರ ಕೂಡ, ಕಪ್ಪುಬಿಳುಪಿನಲ್ಲಿ.

ಮಳಿಗೆಯ ಬೀಗದ ಕೈ ನಾಳೆ ಮಾಲೀಕನಿಗೆ ವಾಪಸ್ಸು.

“ಒಳಗೆ ಬಾ” ಎಂದೆ. ಬರಲಿಲ್ಲ. ಮುಖದಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನೋಡಲಾಗಲಿಲ್ಲ.

“ಇದು ನಿಮ್ಮ ಆಫೀಸಲ್ವಾ ಅಕ್ಕಾ? ಹೆಸರು ನೋಡಿದ ಮೇಲೇ ಜೀವ ಬಂತು ನಂಗೆ. ‘ಪೂರ್ಣಗೊಂಡಿದೆ’ ಅಂತ ಬರೆದೋರು ಯಾರೋ, ನೀವೇ ಒಂದು ಮಾತು ಕೇಳಿ ಹೇಳ್ತೀರಲ್ಲ?”